ಒಂಬತ್ತನೇ ನಂಬರಿನ ತಲೆ ಎಣಿಕೆ

ಅಡುಗೆಮನೆಯ ಮೇಜು
ಜೂನ್ ೧೪, ಗುರುವಾರ ಬೆಳಿಗ್ಗೆ

ಪ್ರೀತಿಯ ಗಡಿಬಿಡಿ,

ಕತ್ತು ನೋವು ಹೇಗಿದೆ? ಕಂಪ್ಯೂಟರಿನ ಮುಂದೆ ಬಗ್ಗಿ ಕೂರಬೇಡ ಎಂದರೆ ಕೇಳುವವಳಲ್ಲ ನೀನು. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ, ಇಲ್ಲ ನಿಂತಲ್ಲೇ ಏನೋ ಬಾಯಿಗೆ ಹಾಕಿಕೊಂಡು ಓಡುತ್ತಿದ್ದೀಯಾ? ನನ್ನ ಮಂಡಿ ಇದ್ದ ಹಾಗೇ ಇದೆ. ಅದರ ಪಾಡಿಗೆ ಅದು ಗೊಣಗುತ್ತದೆ, ನನ್ನ ಪಾಡಿಗೆ ನಾನು. ಅಮ್ಮ ಮನೆಯಲ್ಲಿಲ್ಲ, ಅದಕ್ಕೇ ಬರೆಯಲು ಧೈರ್ಯ ಬಂದಿದೆ. ಫೋನಿನಲ್ಲಾದರೆ ನೀನು ಅರ್ಧಕ್ಕೇ ಬಾಯಿ ಹಾಕುತ್ತೀಯ.

ಒಂಬತ್ತನೇ ನಂಬರ್ ಬಸ್ಸನ್ನು ಇಟ್ಟುಕೊಳ್ಳಬೇಕೋ ನಿಲ್ಲಿಸಬೇಕೋ ಎಂಬ ನಿನ್ನ ಸಾರಿಗೆ ಆಫೀಸಿನ ವರದಿಗೆ ತಲೆ ಎಣಿಸಿಕೊಡಲು ನನಗೆ ಹೇಳಿದ್ದೆಯಲ್ಲ, ಆ ವಿಷಯ. ಕಾರು, ವ್ಯಾನು, ಬಸ್ಸು ಎಲ್ಲದರ ಖರ್ಚನ್ನೂ ಆಗ ನೀನೇ ನನಗೆ ಬಿಡಿಸಿ ಹೇಳಿದ್ದೆ. "ತುಂಬಿದ ಬಸ್ಸಿಗಿಂತ ಅಗ್ಗದ್ದು ಯಾವ್ದೂ ಇಲ್ಲಪ್ಪ, ಖಾಲಿ ಬಸ್ಸಿಗಿಂತ ದುಬಾರಿನೂ ಯಾವ್ದೂ ಇಲ್ಲ" ಎಂದಿದ್ದೆ. ನಾನೂ ಒಪ್ಪಿದೆ. ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದವನಿಗೆ ಅದನ್ನು ಹೇಳಿಕೊಡಬೇಕೇ! ಒಂದು ಟ್ರಿಪ್ಪಿಗೆ ಇಪ್ಪತ್ತು ಜನ ಇಲ್ಲದಿದ್ದರೆ ನಿಲ್ಲಿಸಿ, ಬದಲಿಗೆ ವ್ಯಾನು ಬಿಡುವುದು ಎಂದೂ ನೀನು ಹೇಳಿದೆ. ನಾನು ಸೋಮವಾರದಿಂದ ಬುಧವಾರದವರೆಗೆ ಹಿಂದಿನ ಸೀಟಿನಲ್ಲಿ ಕೂತು, ನಿನ್ನ ಹಾಳೆಯಲ್ಲಿ ಗೀಟು ಹಾಕಿ, ಟ್ರಿಪ್ಪಿಗೆ ಹನ್ನೊಂದು ಜನ ಎಂದು ನಿನ್ನೆ ಸಂಜೆ ಫೋನಿನಲ್ಲಿ ಹೇಳಿಯೂ ಬಿಟ್ಟೆ. ನೀನು ಬರೆದುಕೊಂಡೆ. ನಿನಗೂ ಬೇಜಾರಾಗಿತ್ತು, ನನಗೆ ಗೊತ್ತು.

ಇವತ್ತು ಬೆಳಿಗ್ಗೆ ಸ್ಟಾಪಿನಲ್ಲಿ ಈಗಿನ ಕಂಡಕ್ಟರ್ ಹುಡುಗಿ ನನ್ನನ್ನು ಹಿಡಿದುಕೊಂಡಳು. "ನಿಮ್ಮ ಹಾಳೆ ನೋಡ್ದೆ, ಹನ್ನೊಂದು ಅಂತ ಬರೆದಿದ್ದೀರಾ? ಮತ್ತೆ ಮಂಗಳವಾರ ನೀವೇ ನಿಂತ್ಕೊಂಡು ಬಂದ್ರಲ್ಲ ಸಾರ್!" ಅಯ್ಯೋ, ಹೌದಲ್ಲ! ಮಂಗಳವಾರ ಮಧ್ಯಾಹ್ನ ಆಸ್ಪತ್ರೆ ಸ್ಟಾಪಿನಲ್ಲಿ ಹತ್ತಿದ ಒಬ್ಬ ಹೆಂಗಸಿಗೆ ಸೀಟು ಬಿಟ್ಟುಕೊಟ್ಟು, ಕಂಬ ಹಿಡಿದು ನಿಂತು, ಹನ್ನೊಂದು ಎಂದು ಗೀಟು ಹಾಕಿದ್ದೇನೆ. ನಾನು ಎಣಿಸಿದ್ದು ಟಿಕೆಟ್ ಹರಿಸಿಕೊಂಡವರನ್ನು ಮಾತ್ರ. ಪಾಸ್ ಎಂದವರ ಮೇಲಿಂದ ನನ್ನ ಕಣ್ಣು ಮುಂದಿನ ಸೀಟಿಗೆ ಜಾರುತ್ತದೆ. ಇಡೀ ಜೀವಮಾನದ ಅಭ್ಯಾಸ, ಹಾಳಾದ್ದು. ಶಾಲೆ ಮಕ್ಕಳು, ವಯಸ್ಸಾದವರು, ಆಸ್ಪತ್ರೆಗೆ ಹೋಗುವವರು, ಎಲ್ಲರೂ ಪಾಸಿನವರೇ. ನಾಚಿಕೆಯಾಗಿ, ಪಾಸಿನ ಲೆಕ್ಕ ಇದೆಯೇ ಎಂದು ಅವಳನ್ನೇ ಕೇಳಿದೆ. ಅವಳ ಮಿಷನ್ನಿನಲ್ಲಿ ಮೂರು ದಿನದ ಪಾಸುಗಳ ಲೆಕ್ಕವೂ ಇತ್ತು. ಸೇರಿಸಿದರೆ ಟ್ರಿಪ್ಪಿಗೆ ಇಪ್ಪತ್ತಾರು.

ಅವಳು ಮಿಷನ್ನಿನಿಂದ ತೆಗೆದುಕೊಟ್ಟ ಲೆಕ್ಕದ ಚೀಟಿಯನ್ನು ಇದರ ಜೊತೆ ಇಟ್ಟು ಕೊರಿಯರ್ ಮಾಡುತ್ತಿದ್ದೇನೆ. ಸೋಮವಾರ ವರದಿ ಮೇಲಿನವರಿಗೆ ಹೋಗುವ ಮೊದಲು ನನ್ನ ಹಾಳೆಗಳನ್ನು ಹರಿದು ಬಿಸಾಡು. ಅಪ್ಪನ ಮಾತೆಂದು ನಂಬಬೇಡ, ಬೇರೆ ಯಾರನ್ನಾದರೂ ಕಳಿಸಿ ಮತ್ತೆ ಎಣಿಸು. ಹಾಗೆ ಏಕೆ ಹೇಳುತ್ತಿದ್ದೇನೆ ಎಂಬುದಕ್ಕೆ ಕಾರಣವಿದೆ.

ಚೆನ್ನಾಗಿರು ಮಗಳೇ. ನಿನ್ನ ಕೆಲಸ ನೋಡಿದರೆ ನನಗೆ ಹೆಮ್ಮೆ, ಎದುರಿಗೆ ಹೇಳಲು ಬರುವುದಿಲ್ಲ ಅಷ್ಟೆ.

ನಿನ್ನ ಲೆಕ್ಕ ತಪ್ಪಿದ
ಅಪ್ಪ

ಮರೆತೆ ಎಂದುಕೊಳ್ಳಬೇಡ, ಬರೆಯಲು ಕೈ ಬರಲಿಲ್ಲ: ಮಂಗಳವಾರ ನಾನು ಸೀಟು ಬಿಟ್ಟುಕೊಟ್ಟದ್ದು ನಿನ್ನ ಅಮ್ಮನಿಗೆ. ಎರಡು ತಿಂಗಳಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್. ಈಗಲೂ ಅಲ್ಲೇ ಇದ್ದಾಳೆ. "ಮಗಳಿಗೆ ಹೇಳಿ ಅವಳ ಕೆಲಸ ಕೆಡಿಸ್ಬೇಡಿ" ಎಂದು ಆಣೆ ಹಾಕಿಸಿಕೊಂಡಿದ್ದಳು. ಮುಗಿದ ಮೇಲೆ ಅವಳಿಗೆ ತಲೆ ಸುತ್ತುತ್ತದೆ, ವ್ಯಾನಿನ ಮೆಟ್ಟಿಲಿಗೆ ಕಾಲು ಏರುವುದಿಲ್ಲ. ಅವಳಿಗಾಗಿ ವರದಿಯಲ್ಲಿ ಏನನ್ನೂ ತಿದ್ದಬೇಡ. ನಾನು ಎಣಿಸದೆ ಬಿಟ್ಟ ಅವಳಿಗೂ ಹೊಸ ಎಣಿಕೆಯಲ್ಲಿ ಒಂದು ಗೀಟು ಬೀಳಲಿ, ಸಾಕು. ಆಮೇಲೆ ರಜಾ ಹಾಕಿ ಬಾ.