ಪುಡಿಯಾದ ಸಾಕ್ಷಿ

ಕೇಳೇ ಮಹರಾಯ್ತಿ! ನೀನು ಕಣ್ಮುಚ್ಚಿ ಎರಡು ವರ್ಷವಾದರೂ ಮನೆಯ ವರದಿಯನ್ನು ನಿನಗೇ ಒಪ್ಪಿಸಬೇಕು ನಾನು.

ಇವತ್ತು ಮಗಳನ್ನು ಕರೆದುಕೊಂಡು ವಕೀಲೆಯ ಕಚೇರಿಗೆ ಹೋಗಿದ್ದೆ. ತೆಳ್ಳಗಾಗುವ ವಿಡಿಯೋಗಳನ್ನೇ ದಿನವಿಡೀ ತೋರಿಸಿ ಅವಳಿಗೆ ಊಟ ಬಿಡಿಸಿದ ಆ ಆ್ಯಪ್ ಕಂಪನಿಯ ಮೇಲೆ ದಾವೆ ಹೂಡಬಹುದಂತೆ. "ಫೋನ್ ಕೊಡಿ, ಅದೇ ಮುಖ್ಯ ಸಾಕ್ಷಿ" ಎಂದರು ವಕೀಲೆ.

ನಾನು ಎದ್ದು ನಿಂತು, ನಾನು ಆಡುವ ನಾಟಕಗಳ ಕೊನೆಯ ಅಂಕದ ವೀರನಂತೆ ಗರ್ಜಿಸಿದೆ: "ಆ ಪಾಪಿಯನ್ನು ಅಂದೇ ಸುತ್ತಿಗೆಯಿಂದ ಪುಡಿ ಮಾಡಿದೆ!"

"ಅಯ್ಯೋ ಯಜಮಾನ್ರೇ, ನಿಮ್ ಕೇಸನ್ನೇ ಪುಡಿ ಮಾಡಿದ್ರಲ್ಲ!"

ಎಷ್ಟೋ ತಿಂಗಳ ಮೇಲೆ ಮಗಳು ನಕ್ಕಳು ಕಣೇ. "ಅಪ್ಪ, ಕೂತ್ಕೋ. ಇಲ್ಲಿ ಚಪ್ಪಾಳೆ ಹೊಡೆಯೋರು ಯಾರೂ ಇಲ್ಲ."

ಕಂಪನಿಯಿಂದ ಅವಳ ಖಾತೆಯ ದಾಖಲೆ ತರಿಸಲು ವಕೀಲೆ ಪ್ರಯತ್ನಿಸುತ್ತಾರಂತೆ. ಆದರೆ ಅವಳು ಆಸ್ಪತ್ರೆ ಸೇರುವ ಮುಂಚಿನ ಎಂಟು ತಿಂಗಳು ಮನೆಯಲ್ಲಿ ಕಂಡದ್ದನ್ನು ನಾನೇ ಬರೆದುಕೊಡಬೇಕು.

ಕೂರುತ್ತೇನೆ, ಏಳುತ್ತೇನೆ, ಮತ್ತೆ ಕೂರುತ್ತೇನೆ. ಅವರು ಕೊಟ್ಟ ಹಾಳೆಯ ಮೇಲೇ ನಿನಗೆ ಇದನ್ನು ಗೀಚುತ್ತಿದ್ದೇನೆ. ಆ ಎಂಟು ತಿಂಗಳೂ ದಿನವೂ ಅವಳ ಎದುರಿಗೇ ಕೂತು, ನನ್ನ ಪಾತ್ರದ ಮಾತುಗಳನ್ನು ಬಾಯಿಪಾಠ ಮಾಡುತ್ತಾ ಉಂಡೆ. ಅವಳ ತಟ್ಟೆಯಲ್ಲಿ ಏನಿತ್ತು, ಹೇಳೇ?