ಅಟ್ಟದ ಮೇಲೆ ಹೊಳೆಯದ ಹಾಳೆ

ಮೈಸೂರು, ಭಾನುವಾರ

ಪ್ರೀತಿಯ ದೊಡ್ಡಮ್ಮನಿಗೆ, ಚೈತ್ರ ಮಾಡುವ ನಮಸ್ಕಾರ.

ಫೋನಿನಲ್ಲಿ ನಾನು ಏನು ಕೇಳಿದರೂ ನೀನು ‘ಹೂಂ ಕಣವ್ವ, ಊಟ ಆಯ್ತು ಕಣವ್ವ’ ಎನ್ನುತ್ತೀಯ. ಮೊನ್ನೆ ತಿಲಕಣ್ಣ ಮನೆಯಲ್ಲಿದ್ದಾನಾ ಎಂದು ಕೇಳಿದಾಗಲೂ ಊಟ ಆಯ್ತು ಎಂದೆ. ಮೊದಲು ನಗು ಬಂತು, ಫೋನು ಇಟ್ಟ ಮೇಲೆ ಅಳು ಬಂತು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದು. ನಿನ್ನ ಮಗ ತಿಲಕಣ್ಣನ ಕೈಲಿ ಓದಿಸಬೇಡ, ಇದರಲ್ಲಿ ಅವನ ಮೇಲೂ ಎರಡು ಮಾತಿದೆ.

ಸುಸ್ತಾಗಿದೆ ದೊಡ್ಡಮ್ಮ. ಜ್ವರವಿಲ್ಲ, ಊಟವೂ ಬಿಟ್ಟಿಲ್ಲ. ಹೋದ ವಾರ ಹೊಳೆದದ್ದು ಈ ವಾರ ಯಾಕೆ ಹೊಳೆಯಲಿಲ್ಲ ಎಂದು ಲ್ಯಾಬಿನಲ್ಲಿ ಮಾಡಿದ್ದನ್ನೇ ಮಾಡಿ ಮಾಡಿ ಬಂದ ಸುಸ್ತು. ಏನವ್ವ ನಿನ್ನ ಕೆಲಸ ಎಂದು ನೀನು ಕೇಳಿದಾಗಲೆಲ್ಲ ‘ಬೆಳಕು ಬಿಡುವ ಪ್ಲಾಸ್ಟಿಕ್ಕು’ ಎಂದು ತೇಲಿಸಿಬಿಡುತ್ತಿದ್ದೆ. ಇವತ್ತು ಸರಿಯಾಗಿ ಹೇಳುತ್ತೇನೆ.

ಪಾಲಿಮರ್ ಎಂದರೆ ಕಣ್ಣಿಗೆ ಕಾಣದಷ್ಟು ಚಿಕ್ಕ ಕೊಂಡಿಗಳ ಉದ್ದನೆಯ ಸರ. ನಾವು ಮಾಡುವ ಸರದಲ್ಲಿ ಒಂದು ಕಡೆ ತಗುಲಿದ್ದು ಮೈಗೆಲ್ಲ ಗೊತ್ತಾಗುತ್ತದೆ, ನೀನು ಹೊಸೆದ ಹಗ್ಗದ ಈ ತುದಿ ಎಳೆದರೆ ಆ ತುದಿಯಲ್ಲಿ ಹಸು ತಲೆಯೆತ್ತುವ ಹಾಗೆ. ನೇರಳೆ ಬೆಳಕು ಬಿಟ್ಟರೆ ಅದು ಹಳದಿಯಾಗಿ ಹೊಳೆಯುತ್ತದೆ. ತೇವ ತಗುಲಿದರೆ ಮಂಕಾಗುತ್ತದೆ, ತೇವ ಹೋದರೆ ಮತ್ತೆ ಹೊಳೆಯುತ್ತದೆ. ಇದರ ತೆಳ್ಳನೆಯ ಹಾಳೆಯನ್ನು ಗಾಯಕ್ಕೆ ಕಟ್ಟುವ ಬಟ್ಟೆಯಲ್ಲಿಟ್ಟರೆ, ಬಿಚ್ಚದೆಯೇ ಒಳಗಿನ ಸ್ಥಿತಿ ತಿಳಿಯುತ್ತದೆ ಎನ್ನುವುದು ನಮ್ಮ ಮೇಷ್ಟ್ರು ಸದಾಶಿವಯ್ಯನವರ ಲೆಕ್ಕ. ಬಿಚ್ಚದೆಯೇ ಎಂದಾಗ ನನಗೆ ನಿನ್ನ ಅಟ್ಟ ನೆನಪಾಯಿತು.

ತೆಂಗಿನಕಾಯಿ ಅಟ್ಟದ ಕತ್ತಲಲ್ಲಿ ತಿಂಗಳುಗಟ್ಟಲೆ ಒಣಗಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಾಗ, ಅಲ್ಲಾಡಿಸಿದರೆ ಗುಡುಗುಡು ಎನ್ನುತ್ತದೆ. ಸದ್ದು ಬಂದ ಕಾಯಿ ಕೆಳಕ್ಕೆ, ಬರದ ಕಾಯಿ ಮತ್ತೆ ಮೂಲೆಗೆ. ನಮ್ಮ ಮನೆಯಲ್ಲಿ ಆ ಕೆಲಸ ಯಾವತ್ತೂ ನಿನ್ನದು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಾಯನ್ನು ನನ್ನ ಕಿವಿಗೆ ಹಿಡಿದು, ‘ಕೇಳ್ತೇನೇ? ಇಲ್ವಾ? ಇನ್ನೂ ನಿದ್ದೇಲೈತೆ ಬುಡು, ಎಬ್ಬುಸ್ಬ್ಯಾಡ’ ಎನ್ನುತ್ತಿದ್ದೆ ನೀನು. ನನಗೆ ಅಟ್ಟವೆಂದರೆ ಇವತ್ತಿಗೂ ಆ ಮಾತೇ.

ಹೋದ ವರ್ಷ ನೀನು ಇಳಿಸಿದ ಕಾಯಿಗಳಲ್ಲಿ ಅರ್ಧಕ್ಕರ್ಧ ಹಸಿ. ಒಡೆದರೆ ಕೊಬ್ಬರಿ ಇಡಿಯಾಗಿ ಬರಲಿಲ್ಲ, ಚಿಪ್ಪಿಗೆ ಅಂಟಿಕೊಂಡು ಚೂರಾಯಿತು. ಕಿವಿಗೆ ಏನೂ ಕೇಳದೆ ಅಂದಾಜಿನ ಮೇಲೆ ಇಳಿಸಿದ್ದೆ ನೀನು, ಯಾರಿಗೂ ಹೇಳಿರಲಿಲ್ಲ. ‘ಇನ್ ಅಟ್ಟ ಹತ್ಬ್ಯಾಡ ಬುಡವ್ವ, ಆಳು ಕರುಸ್ತೀನಿ’ ಎಂದ ತಿಲಕಣ್ಣ. ಅವನ ಮನಸ್ಸು ಕೆಟ್ಟದ್ದಲ್ಲ. ಆದರೂ ನಾಲ್ಕು ಜನರ ಮುಂದೆ ಹಾಗೆ ಅಂದದ್ದಕ್ಕೆ ನನಗೆ ಅವನ ಮೇಲೆ ಸಿಟ್ಟಿದೆ.

ಕಿವಿಗೆ ಕೇಳದ್ದು ಕಣ್ಣಿಗಾದರೂ ಕಾಣಲಿ ಎಂದು ನಾನು ಗೌರಿ ಹಬ್ಬಕ್ಕೆ ಹಾಳೆ ತಂದೆ. ಒಂದೊಂದು ಕಾಯಿಯ ನಾರನ್ನು ಸ್ವಲ್ಪ ಕಿತ್ತು, ಚಿಪ್ಪಿನ ಮೇಲೆ ಕುಂಕುಮದ ಬೊಟ್ಟಿನಷ್ಟಗಲ ಅಂಟಿಸಿದೆ. ನೇರಳೆ ಬೆಳಕಿನ ಟಾರ್ಚನ್ನು ನಿನ್ನ ಕೈಗೆ ಕೊಟ್ಟು, ಹೊಳೆದರೆ ಇಳಿಸು, ಮಂಕಿದ್ದರೆ ಬಿಡು, ಬಿಸಿಲು ಮಾತ್ರ ತಾಗಿಸಬೇಡ ಎಂದೆ. ಎಲ್ಲದಕ್ಕೂ ನೀನು ತಲೆಯಾಡಿಸಿದೆ. ಟಾರ್ಚು ಹೊತ್ತಿಸಿದಾಗ ನಿನ್ನ ಮುಖ ಅರಳಿತು ನೋಡು, ಇಷ್ಟು ವರ್ಷ ಓದಿದ್ದು ಸಾರ್ಥಕ ಅನ್ನಿಸಿಬಿಟ್ಟಿತು.

ದೀಪಾವಳಿಗೆ ಬಂದು ನೋಡಿದರೆ ಒಂದೂ ಹೊಳೆಯಲಿಲ್ಲ. ‘ಮಂಕಾಗಿದ್ವು ಕಣವ್ವ. ತ್ಯಾವ ಕುಡ್ದವೆ ಅಂತ ಕಿತ್ತು, ಮೊರದಾಗೆ ಹಾಕಿ ಬಿಸ್ಲಿಗಿಟ್ಟೆ. ಚೆನ್ನಾಗಿ ಒಣುಗ್ಸಿ ಮತ್ತೆ ಅಂಟುಸ್ದೆ’ ಎಂದು ಮಗುವಿನ ಹಾಗೆ ಹೇಳಿದೆ ನೀನು. ತೇವ ಹಿಡಿದದ್ದನ್ನು ಬಿಸಿಲಿಗೆ ಹಾಕದೆ ಇರುವ ಹೆಂಗಸು ನಮ್ಮ ನೊಣವಿನಕೆರೆ ಸೀಮೆಯಲ್ಲಿ ಯಾರಿದ್ದಾರೆ? ಆದರೆ ಈ ಹಾಳೆಗೆ ಬಿಸಿಲೇ ವಿಷ. ಬಿಸಿಲು, ಗಾಳಿ ಎರಡೂ ಸೇರಿದರೆ ಸರ ತುಂಡಾಗುತ್ತದೆ, ಮತ್ತೆ ಕೂಡುವುದಿಲ್ಲ. ನಾನು ಅದನ್ನು ವಿವರಿಸುವಾಗ ತಿಲಕಣ್ಣ ನಕ್ಕುಬಿಟ್ಟ. ನೀನು ನನ್ನ ತುಟಿಯನ್ನೇ ನೋಡುತ್ತಿದ್ದೆ. ಆಮೇಲೆ ಎದ್ದು ಹೋಗಿ, ಟಾರ್ಚನ್ನು ಒಗೆದ ಬಟ್ಟೆಯಲ್ಲಿ ಸುತ್ತಿ ನನ್ನ ಬ್ಯಾಗಿನಲ್ಲಿಟ್ಟೆ. ಅವತ್ತಿನಿಂದ ನೀನು ಅಟ್ಟದ ಕಡೆ ತಿರುಗಿಯೂ ನೋಡಿಲ್ಲವಂತೆ. ತಿಲಕಣ್ಣನೇ ಹೇಳಿದ, ಈಗ ಅವನಿಗೂ ನಗು ಬರುತ್ತಿಲ್ಲ.

‘ಕೊಬ್ಬರಿ ಸಾಕು ಕಣಮ್ಮ, ಗಾಯದ ಬಟ್ಟೆ ಕೆಲಸ ಮುಗಿಸು’ ಎಂದರು ಮೇಷ್ಟ್ರು. ಸರಿ ಸಾರ್ ಎಂದೆ. ವಾದ ಮಾಡುವ ತ್ರಾಣ ಇರಲಿಲ್ಲ. ಬಿಸಿಲು ತಡೆಯುವ ಹಾಳೆಯನ್ನು ಮುಂದೆ ಯಾರಾದರೂ ಮಾಡುತ್ತಾರೆ, ನಾನೇ ಮಾಡಿದರೂ ಮಾಡಿಯೇನು. ಆದರೆ ಅದು ಈ ವರ್ಷದ ಅಟ್ಟಕ್ಕೆ ಒದಗುವುದಿಲ್ಲ. ಈ ವರ್ಷ ನೀನು ಹತ್ತದಿದ್ದರೆ ಇನ್ನು ಯಾವತ್ತೂ ಹತ್ತುವುದಿಲ್ಲ. ನನ್ನ ಭಯ ಅದೊಂದೇ ದೊಡ್ಡಮ್ಮ, ಹಾಳೆ ಹಾಳಾದದ್ದಲ್ಲ.

ಆಳು ಕರೆಸಬೇಡ ಎಂದು ತಿಲಕಣ್ಣನಿಗೆ ಹೇಳಿದ್ದೇನೆ. ಗೊಣಗಿದ, ಆಮೇಲೆ ಒಪ್ಪಿದ. ಶಿವರಾತ್ರಿ ಕಳೆದ ಮೇಲೆ ಬರುತ್ತೇನೆ. ತುರುವೇಕೆರೆಯಲ್ಲಿ ಬಸ್ಸು ಬದಲಿಸುವಾಗ ಫೋನು ಮಾಡುವುದಿಲ್ಲ, ನೇರ ಮನೆಗೇ. ಹಾಳೆ ತರುವುದಿಲ್ಲ, ಟಾರ್ಚೂ ತರುವುದಿಲ್ಲ. ಯಾವ ಮೂಲೆಯ ಕಾಯಿ ಮೊದಲು, ಯಾವುದು ಆಮೇಲೆ ಎನ್ನುವುದು ನಿನ್ನ ಇಷ್ಟ. ನೀನೇ ಅಲ್ಲಾಡಿಸು. ಚಿಕ್ಕವಳಿದ್ದಾಗ ಹಿಡಿಯುತ್ತಿದ್ದ ಹಾಗೆ ನನ್ನ ಕಿವಿಗೆ ಹಿಡಿ. ಗುಡುಗುಡು ಎಂದರೆ ನಿನ್ನ ಕೈ ಒತ್ತುತ್ತೇನೆ. ಒತ್ತದಿದ್ದರೆ, ಇನ್ನೂ ನಿದ್ದೇಲೈತೆ ಬುಡು ಎಂದು ನೀನೇ ಹೇಳಬೇಕು. ಅದನ್ನು ಕೇಳಿ ಬಹಳ ದಿನವಾಯಿತು.

ಏಣಿ ಹತ್ತುವ ನಿನ್ನ ಮೊಣಕಾಲು ಗಟ್ಟಿಯಾಗಿರಲಿ. ಮುಂದೆ ನೀನು ಹತ್ತು, ಹಿಂದೆ ನಾನಿರುತ್ತೇನೆ.

ನಿನ್ನ
ಚೈತ್ರ