ಎಂಟನೆಯ ಗುಂಡಿ

ಅಕ್ಟೋಬರ್ 9, ಶನಿವಾರ

ಬೆಳಿಗ್ಗೆ ಎರಡು ಡಿಗ್ರಿ. ಗಾಳಿ ಸರೋವರದ ಕಡೆಯಿಂದ. ಆರನೆಯ ಗುಂಡಿ ಮುಗಿಯಿತು. ಏಳು ಅಡಿ ಆಳ, ಒಂದಿಂಚೂ ಕಡಿಮೆಯಿಲ್ಲ. ಇನ್ನೆರಡು ಬಾಕಿ.

ನಮ್ಮ ಥಂಡರ್ ಬೇ ಊರಿನ ಸುತ್ತಮುತ್ತ ಡೆಕ್, ಅಂದರೆ ಮನೆಗಂಟಿದ ಮರದ ಜಗಲಿ, ಕಟ್ಟುವವರು ಐದಡಿಗೇ ಕೈ ತೊಳೆದುಕೊಳ್ಳುತ್ತಾರೆ. ಒಂದು ಚಳಿಗಾಲ ಕಳೆಯಲಿ — ಹೆಪ್ಪುಗಟ್ಟಿದ ಮಣ್ಣು ಉಬ್ಬಿ ಕಂಬವನ್ನೇ ಮೇಲಕ್ಕೆ ನೂಕುತ್ತದೆ. ನಲವತ್ತು ವರ್ಷ ಬೇರೆಯವರ ಸೊಟ್ಟ ಡೆಕ್ಕುಗಳನ್ನು ನೆಟ್ಟಗೆ ಮಾಡಿಯೇ ಹೊಟ್ಟೆ ಹೊರೆದವನು ನಾನು. ನನ್ನ ಮನೆಯದು ಸೊಟ್ಟ ಆಗಕೂಡದು.

ಹೆಂಡತಿ ಲೆಂಪಿ ಕಿಟಕಿಯ ಪಕ್ಕದ ಒರಗುಕುರ್ಚಿಯಲ್ಲಿ. ರಾತ್ರಿ ನಿದ್ದೆಯೂ ಅಲ್ಲೇ. ಅಂಗಾತ ಮಲಗಿದರೆ ಉಸಿರು ಸಿಗುವುದಿಲ್ಲ. ಮೂಗಿನಲ್ಲಿ ಕೊಳವೆ, ಕೊಳವೆಯ ಇನ್ನೊಂದು ತುದಿ ಹಜಾರದ ಆಕ್ಸಿಜನ್ ಯಂತ್ರಕ್ಕೆ. ಅದನ್ನು ಬಾಲ ಎನ್ನುತ್ತಾಳೆ. "ಬಾಲ ತುಳೀಬೇಡ ರೈನೋ." ಯಂತ್ರ ಬಂದ ದಿನವೇ ನರ್ಸ್ ಹೇಳಿ ಹೋದಳು, ಮನೆಯೊಳಗೆ ಬೆಂಕಿ ಕೂಡದು, ಹುರಿಯುವ ಹೊಗೆಯೂ ಕೂಡದು. ಗ್ಯಾಸ್ ಒಲೆ ಬಂದ್. ಏಳು ವಾರದಿಂದ ಡಬ್ಬಿ ಊಟ, ಮೈಕ್ರೋವೇವ್.

ಹಾಗಾಗಿ ಅಡುಗೆಮನೆಯೇ ಹೊರಗೆ ಬರಲಿ. ಹಿತ್ತಲಲ್ಲಿ ಡೆಕ್, ಮೇಲೆ ಚಾವಣಿ, ಉತ್ತರದ ಗಾಳಿಗೆ ಅಡ್ಡವಾಗಿ ಗೋಡೆ, ಎರಡು ಬರ್ನರಿನ ಕಟ್ಟೆ. ಮೈನಸ್ ಮೂವತ್ತರಲ್ಲೂ ಮೀನು ಹುರಿಯಬಹುದು. ಡಿಸೆಂಬರ್ ಆರರೊಳಗೆ ಎಂದು ಮಾತು ಕೊಟ್ಟಿದ್ದೇನೆ. ಅಪ್ಪ ಹುಟ್ಟಿದ ಫಿನ್ಲೆಂಡಿಗೆ ಸ್ವಾತಂತ್ರ್ಯ ಬಂದ ದಿನ. ಅಪ್ಪ ಇದ್ದಾಗಿನಿಂದ ಆ ಸಂಜೆ ಕಿಟಕಿಯಲ್ಲಿ ಎರಡು ಮೇಣದಬತ್ತಿ ಹಚ್ಚುತ್ತೇವೆ. ಈ ವರ್ಷ ಅದೂ ಬ್ಯಾಟರಿಯದೇ.

ಮಗಳು ಕಾರ್ಲೀನ್ ಫೋನ್ ಮಾಡಿದ್ದಳು. "ಅಪ್ಪಾ, ಒಂದು ಕರೆಂಟ್ ಒಲೆ ತಂದಿಟ್ರೆ ಮುಗೀತಲ್ವಾ? ಮೀನು ಬೇಯ್ಸಿ ತಿನ್ನಿ."

ಬೇಯಿಸಿದ ಮೀನು! ಆಸ್ಪತ್ರೆಯಲ್ಲಿ ತಿಂದದ್ದು ಸಾಲದೆ? ಫೋನ್ ಇಟ್ಟೆ.

ಅಕ್ಟೋಬರ್ 17, ಭಾನುವಾರ

ಏಳು ಮುಗಿದವು, ಕಾಂಕ್ರೀಟೂ ಬಿತ್ತು. ಎಂಟನೆಯದರಲ್ಲಿ ಮೂರಡಿಗೆ ಬಂಡೆ. ಅದೂ ಮನೆಯ ಮೂಲೆಯಲ್ಲಿ, ಚಾವಣಿಯ ಭಾರವೆಲ್ಲ ಕೂರುವ ಕಡೆ.

ಪಕ್ಕದ ವೆಸ್ಲಿ ಬಂದು ಇಣುಕಿದ. ಚರ್ಚಿನ ಸ್ಮಶಾನದಲ್ಲಿ ಗುಂಡಿ ತೆಗೆಯುವವನು. ನೆಲದ ವಿಷಯ ಅವನಿಗೆ ಹೇಳಿಕೊಡಬೇಕಿಲ್ಲ.

"ಬಂಡೆ ಮೇಲೇ ನಿಲ್ಸಯ್ಯ. ನಮ್ಮಿಬ್ರ ಕಾಲ ಮುಗಿಯೋತನ್ಕ ಅಲ್ಲಾಡಲ್ಲ."

"ಅಲ್ಲಾಡುತ್ತೆ."

"ನೀನು ಹಿಡಿದ ಮೊಲಕ್ಕೆ ಮೂರೇ ಕಾಲು. ಶನಿವಾರ ಹತ್ತು ಜನ ಕರ್ಕೊಂಡು ಬರ್ತೀನಿ. ಬಂಡೆ ಎತ್ತಿ, ಹಲಗೆ ಬಡಿದು, ಸಂಜೆ ಸೌನಾದಲ್ಲಿ ಹಬೆಸ್ನಾನ ಮುಗ್ಸಿ ಹೋಗ್ತೀವಿ. ನಿಮ್ಮಪ್ಪನ ಮನೆ ಹಾಗೇ ಅಲ್ವಾ ಎದ್ದಿದ್ದು?"

ಬೇಡ ಎಂದೆ. ಹತ್ತು ಜನ ಬಂದರೆ ಲೆಂಪಿಗೆ ಮುಜುಗರ, ಮೂಗಿನ ಕೊಳವೆ ಎಲ್ಲರಿಗೂ ಕಾಣುತ್ತದೆ... ಹಾಗಂತ ಹೇಳಿದೆ. ಲೆಂಪಿಯನ್ನು ಕೇಳಿರಲಿಲ್ಲ.

ಅಕ್ಟೋಬರ್ 29

ಬಂಡೆಯ ಸುತ್ತ ಅಗೆದದ್ದೇ ಅಗೆದದ್ದು. ನಡುವೆ ನಾಲ್ಕು ದಿನ ಕ್ಲಿನಿಕ್ಕಿಗೆ ಓಡಾಟ. ಯಂತ್ರದ ಅಳತೆ ಮೂರರಿಂದ ನಾಲ್ಕಕ್ಕೆ ಏರಿಸಿದರು.

ದಿನಕ್ಕೆ ಹತ್ತು ಸಲ ಲೆಂಪಿ ಚಮಚದಿಂದ ಕಿಟಕಿಯ ಗಾಜಿಗೆ ಟಕ್ ಟಕ್. ಒಳಗೆ ಹೋದರೆ ದಿಂಬು ಸರಿಮಾಡು. ಕಾಫಿ ಆರಿದೆ. ಇಸ್ಪೀಟು ಹಂಚಿದ್ದೇನೆ, ಬಾ. ಇಂದು ಹೋದರೆ ಏನೂ ಇಲ್ಲ.

"ಮತ್ತೆ ಯಾಕೆ ಕರೆದೆ?"

"ನೋಡೋಣ ಅಂತ. ಬೂಟು ಬಿಚ್ಚಿ ಐದು ನಿಮಿಷ ಕೂತ್ಕೋ."

"ಬೆಳಕು ಹೋಗುತ್ತೆ ಲೆಂಪಿ. ಇದೆಲ್ಲ ನಿನಗೋಸ್ಕರ ತಾನೆ?"

"ಹೌದಾ?" ಎಂದು ಇಸ್ಪೀಟು ಕಲೆಸತೊಡಗಿದಳು.

ಈಗ ಗಾಜಿನ ಸದ್ದಾದರೆ ಒಂದು ಬೆರಳು ಎತ್ತಿ ತೋರಿಸುತ್ತೇನೆ. ಒಂದು ನಿಮಿಷ. ಅವಳೂ ತಲೆಯಾಡಿಸುತ್ತಾಳೆ.

ನವೆಂಬರ್ 11

ನಿನ್ನೆ ಬಂಡೆ ಬಂತು! ಸರಪಳಿ, ಟ್ರಕ್, ಎರಡು ಹರಿದ ಕೈಗವಸು. ಹಂದಿಯಷ್ಟಿದೆ. ಕಿಟಕಿಗೆ ತೋರಿಸಿದೆ. ಲೆಂಪಿ ಚಪ್ಪಾಳೆ ತಟ್ಟಿದಳು, ಆಮೇಲೆ ಐದು ನಿಮಿಷ ಕೆಮ್ಮಿದಳು.

ಸಂಜೆಗೆ ಮಳೆ. ಗುಂಡಿಗೆ ತಗಡು ಮುಚ್ಚಿದೆ. ಗಾಳಿ ಹಾರಿಸಿಕೊಂಡು ಹೋಗಿದೆ, ನೋಡಿದ್ದು ಇಂದು ಬೆಳಿಗ್ಗೆ. ಗುಂಡಿಯ ತುಂಬ ನೀರು.

ನವೆಂಬರ್ 23

ಮೈನಸ್ ಹದಿನೆಂಟು. ಹಿಮ ಬಿದ್ದಿಲ್ಲ, ಬರೀ ಚಳಿ. ಹೊದಿಕೆಯಿಲ್ಲದ ನೆಲ ಎರಡಡಿ ಆಳಕ್ಕೆ ಕಬ್ಬಿಣವಾಗಿದೆ. ಎಂಟನೆಯ ಗುಂಡಿಯ ತುಂಬ ಮಂಜುಗಡ್ಡೆ. ಹೆಪ್ಪುಗಟ್ಟಿದ ಮಣ್ಣಿಗೆ ಕಾಂಕ್ರೀಟ್ ಸುರಿಯುವುದೆಂದರೆ ಹಾಳು ಬಾವಿಗೆ ಸುರಿದ ಹಾಗೆ. ಮೊದಲು ಕರಗಿಸಬೇಕು.

ಉಳಿದದ್ದೆಲ್ಲ ಆಗಿದೆ. ಹಲಗೆ ಬಡಿದಾಯಿತು, ಗೋಡೆ ನಿಂತಿತು, ಕಟ್ಟೆ ಕೂತಿತು. ಆ ಮೂಲೆಗೆ ಮಾತ್ರ ಜಾಕಿ ಕೊಟ್ಟಿದ್ದೇನೆ. ವಸಂತದವರೆಗೆ ಜಾಕಿಯ ಮೇಲೇ ಬಿಡಬಹುದಿತ್ತು. ಮೀನು ಹುರಿಯಲು ಏನೂ ಅಡ್ಡಿಯಿರಲಿಲ್ಲ. ಬರೆದಿಟ್ಟಿರುತ್ತೇನೆ — ಬಿಡಬಹುದಿತ್ತು, ಅದು ನನಗೆ ಗೊತ್ತಿತ್ತು.

ವೆಸ್ಲಿಯನ್ನು ಕೇಳಿದೆ. ಸ್ಮಶಾನದ ಮುಚ್ಚಳ ಕೊಡುತ್ತೇನೆ ಎಂದ.

ನವೆಂಬರ್ 26, ಶುಕ್ರವಾರ

ಮುಚ್ಚಳ ಬಂತು. ಆಳುದ್ದದ ಕಬ್ಬಿಣದ ಗೂಡು, ಒಂದು ತುದಿಯಲ್ಲಿ ಗ್ಯಾಸ್ ಬರ್ನರ್. ಚಳಿಗಾಲದಲ್ಲಿ ಯಾರಾದರೂ ಹೋದರೆ ಇದನ್ನು ನೆಲದ ಮೇಲೆ ಬೋರಲು ಹಾಕಿ ಒಂದು ಹಗಲು ಉರಿಸುತ್ತಾರೆ. ಆಮೇಲೆ ಅಗೆಯಬಹುದು. ಇಲ್ಲದಿದ್ದರೆ ಹೆಣ ಏಪ್ರಿಲ್‌ವರೆಗೆ ಕಾಯಬೇಕು. ಈ ಊರಲ್ಲಿ ಇದನ್ನು ಗುರುತಿಸದವರಿಲ್ಲ.

ವೆಸ್ಲಿಯೂ ನಾನೂ ಅದನ್ನು ಹೊತ್ತುಕೊಂಡು ಕಿಟಕಿಯ ಮುಂದಿನಿಂದಲೇ ಹಾದೆವು. ಬೇರೆ ದಾರಿ ಇತ್ತು, ಗರಾಜಿನ ಹಿಂದಿನಿಂದ. ಹೊಳೆಯಲಿಲ್ಲ.

ಒಳಗೆ ಹೋದಾಗ ಲೆಂಪಿ ಬಿಳಿಚಿಕೊಂಡಿದ್ದಳು. ಬಾಯಿ ಮಾತ್ರ ಜೋರು.

"ವೆಸ್ಲಿ ಅಳತೆ ತಗೊಳ್ಳೋಕೆ ಬಂದಿದ್ನಾ? ನಾನಿನ್ನೂ ಒಳಗಿದೀನಿ ಅಂತ ಹೇಳು ಅವನಿಗೆ."

"ಡೆಕ್ ಕಂಬಕ್ಕೆ ಕಣೇ."

"ಗೊತ್ತು. ಎಲ್ಲಾ ಕಂಬಕ್ಕೇ." ಎರಡು ಸಲ ಉಸಿರು ಎಳೆದುಕೊಂಡಳು. "ಅದನ್ನ ವಾಪಸ್ ಕಳ್ಸು ರೈನೋ. ನಾನು ಏನನ್ನೂ ಬೇಡಿದೋಳಲ್ಲ. ಇದೊಂದು."

"ಒಂದೇ ದಿನ. ನಾಳೆ ಸಂಜೆ ಕಳಿಸ್ತೀನಿ."

ಕಾಫಿಯ ಜೊತೆಗೆ ಕೊಟ್ಟ ಏಲಕ್ಕಿ ಬ್ರೆಡ್ಡು ಮುಟ್ಟಲಿಲ್ಲ.

ನವೆಂಬರ್ 30

ಮೂರು ದಿನ ಬರೆಯಲಾಗಲಿಲ್ಲ. ಈಗ ಬರೆಯುತ್ತೇನೆ. ಯಾರಿಗೂ ಹೇಳಿಲ್ಲ, ಇಲ್ಲಿಯಾದರೂ ಸರಿಯಾಗಿ ಇರಲಿ.

ಶನಿವಾರ. ಬೆಳಿಗ್ಗೆ ಎಂಟಕ್ಕೆ ಬರ್ನರ್ ಹಚ್ಚಿದೆ. ವಿಮಾನದಂಥ ಸದ್ದು. ಮಾತು ಕೂಡ ಕೇಳುವುದಿಲ್ಲ. ಮಧ್ಯಾಹ್ನ ಗಾಳಿ ಎದ್ದಿತು. ಎರಡು ಗಂಟೆಯ ಹೊತ್ತಿಗೆ ಕರೆಂಟ್ ಹೋಯಿತು — ಅದು ತಿಳಿದದ್ದು ಆಮೇಲೆ. ಹಗಲು, ಹೊರಗೆ, ಬೆಂಕಿಯ ಮುಂದೆ. ನನಗೆ ಹೇಗೆ ತಿಳಿಯಬೇಕು?

ಗಾಜಿನ ಸದ್ದು ಕೇಳಲಿಲ್ಲ. ಆದರೆ ಕಂಡಿತು. ಕಣ್ಣಂಚಿನಲ್ಲಿ ಅವಳ ಕೈ ಆಡುತ್ತಿತ್ತು. ಬೆರಳು ಎತ್ತಿದೆ. ಸ್ವಲ್ಪ ಹೊತ್ತಿಗೆ ಮತ್ತೆ. ತಿರುಗಿ ನೋಡದೆಯೇ ಎತ್ತಿದೆ. ಸಿಟ್ಟಿತ್ತು, ಅದನ್ನೂ ಬರೆಯುತ್ತೇನೆ. ಮುಚ್ಚಳದ ಜಗಳ ಮತ್ತೆ ಶುರುವಾಗುತ್ತದೆ ಅಂದುಕೊಂಡೆ. ಮುಚ್ಚಳದ ಅಂಚಿನ ಸಂದಿಯಿಂದ ಗುಂಡಿ ನೋಡುತ್ತ ನಿಂತೆ. ಮಂಜುಗಡ್ಡೆ ಕರಗಿ ಕಪ್ಪು ನೀರು ಕುದಿಯುತ್ತಿತ್ತು. ಸಂತೋಷವಾಗಿತ್ತು ನನಗೆ.

ಗ್ಯಾಸ್ ಮುಗಿದು ಬರ್ನರ್ ತಾನಾಗಿ ಆರಿತು. ಆಗ ಕೇಳಿಸಿತು, ಒಳಗೆ ಯಂತ್ರ ಪೀ ಪೀ ಎಂದು ಕೂಗುತ್ತಿತ್ತು.

ಲೆಂಪಿ ಕುರ್ಚಿಯಿಂದ ಜಾರಿ ನೆಲಕ್ಕೆ ಬಂದಿದ್ದಳು. ತುಟಿ ನೇರಳೆ. ಒಂದು ಕೈ ಮೂಲೆಯ ಸಿಲಿಂಡರಿನ ಮೇಲೆ. ಕರೆಂಟ್ ಹೋದರೆ ಬೇಕು ಅಂತಲೇ ಇಟ್ಟ ಸಿಲಿಂಡರ್. ಅಲ್ಲಿಯವರೆಗೆ ತೆವಳಿದ್ದಾಳೆ. ತೆರೆಯಲು ಚಿಕ್ಕ ಕೀಲಿ ಬೇಕು. ಕೀಲಿ ಅದರ ದಾರದಲ್ಲಿಲ್ಲ. ಡ್ರಾಯರ್ ಎಳೆದೆ. ಕಪಾಟು ಎಳೆದೆ. ಕುರ್ಚಿ ಕೆಳಗೆ ಹುಡುಕಿದೆ. ಕೊನೆಗೆ ಸಿಕ್ಕಿತು... ನನ್ನ ಜೇಬಿನಲ್ಲಿ. ಮೊಳೆ, ಪೆನ್ಸಿಲು, ಕೀಲಿ. ಹೋದ ವಾರ ಸಿಲಿಂಡರ್ ಬದಲಿಸಿದಾಗ ನಾನೇ ತುರುಕಿಕೊಂಡದ್ದು. ಕೆಲಸದವನ ಚಟ.

ಸಿಲಿಂಡರ್ ತೆರೆದು ಕೊಳವೆ ಸಿಕ್ಕಿಸಿ ಫೋನ್ ಮಾಡಿದೆ. ಆಂಬುಲೆನ್ಸ್ ಬರಲು ಇಪ್ಪತ್ತೆಂಟು ನಿಮಿಷ. ಉಸಿರಿತ್ತು.

ಆಸ್ಪತ್ರೆಗೆ ಕಾರ್ಲೀನ್ ಓಡಿ ಬಂದಳು. ಮೊದಲ ಪ್ರಶ್ನೆಯೇ ಅದು. "ಕರೆಂಟ್ ಹೋದಾಗ ನೀನೆಲ್ಲಿದ್ದೆ ಅಪ್ಪಾ?"

"ಸೌನಾ ಒಲೆಗೆ ಸೌದೆ ಹಾಕ್ತಿದ್ದೆ" ಎಂದೆ. ಶನಿವಾರ ಸೌನಾ ಕಾಯಿಸುವುದು ನಮ್ಮ ರೂಢಿ. ಅದು ಅಂಗಳದ ಆ ತುದಿಗಿದೆ. ಅಲ್ಲಿಗೆ ಕಿಟಕಿ ಕಾಣುವುದಿಲ್ಲ. ಸುಳ್ಳು ಎಷ್ಟು ಬೇಗ ಬಂತು ಬಾಯಿಗೆ.

ಡಿಸೆಂಬರ್ 2

ಲೆಂಪಿ ಮಾತಾಡಿದಳು. ದನಿ ಗಾಳಿಯಷ್ಟೇ. ಕಾರ್ಲೀನ್ ಮತ್ತೆ ಅದನ್ನೇ ಎತ್ತಿದಳು. "ಅಮ್ಮಾ, ಅಪ್ಪ ಸೌನಾದಲ್ಲಿದ್ರಂತೆ, ನೀನು ಕರೀಲಿಲ್ವಾ?"

ಲೆಂಪಿ ನನ್ನನ್ನು ನೋಡಿದಳು. ಬಹಳ ಹೊತ್ತು.

"ಸೌನಾದಲ್ಲಿದ್ರು ನಿಮ್ಮಪ್ಪ. ಶನಿವಾರ ಅಲ್ವಾ."

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊರಗೆ ಬಂದು ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಟ್ರಕ್ಕಿನೊಳಗೆ ಕೂತು ಅತ್ತೆ. ಎಪ್ಪತ್ತೊಂದು ವರ್ಷದ ಮುದುಕ.

ಮನೆಗೆ ಬಂದು ಎಂಟನೆಯ ಗುಂಡಿಗೆ ಕಾಂಕ್ರೀಟ್ ಸುರಿದೆ. ಮತ್ತೇನು ಮಾಡಲಿ? ವೆಸ್ಲಿ ನೀರು ಎತ್ತಿ ಕಂಬಳಿ ಮುಚ್ಚಿಟ್ಟಿದ್ದ, ನೆಲ ಕರಗಿಯೇ ಇತ್ತು.

ಡಿಸೆಂಬರ್ 14

ಮೈನಸ್ ಇಪ್ಪತ್ತಾರು. ಜಾಕಿ ತೆಗೆದೆ. ಮಟ್ಟಗೋಲು ಇಟ್ಟು ನೋಡಿದೆ, ಕೂದಲೆಳೆಯಷ್ಟೂ ವಾಲಿಲ್ಲ.

ಮೊದಲ ಸಲ ಬರ್ನರ್ ಹಚ್ಚಿ ಮೀನು ಹುರಿದೆ. ಹಬ್ಬಕ್ಕಲ್ಲ, ಎಂಟು ದಿನ ತಡ. ಬೆಣ್ಣೆ, ಸಬ್ಬಸಿಗೆ, ರೈ ಹಿಟ್ಟು. ಟವೆಲಿನಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಓಡಿದೆ. ತಲುಪುವಷ್ಟರಲ್ಲಿ ತಣ್ಣಗೆ. ಎರಡು ತುತ್ತು ತಿಂದಳು.

"ಚೆನ್ನಾಗಿದೆ."

"ಮನೇಲಿ ಬಿಸಿಬಿಸಿ ಕೊಡ್ತೀನಿ. ದೊಡ್ಡ ಬ್ಯಾಟರಿ ತರಿಸಿದೀನಿ, ಕರೆಂಟ್ ಹೋದ್ರೂ ಎಂಟು ಗಂಟೆ ನಡೆಯುತ್ತೆ. ಡಾಕ್ಟರು ಸೋಮವಾರ ಬಿಡ್ತಾರಂತೆ."

ಕೈ ಒರೆಸಿಕೊಂಡಳು. ಕಿಟಕಿಯ ಕಡೆ ತಿರುಗಿದಳು.

ಡಿಸೆಂಬರ್ 19

ಮನೆಗೆ ಬರುವುದಿಲ್ಲವಂತೆ. ಆರೈಕೆ ಮನೆಗೆ ಹೆಸರು ಬರೆಸಿದ್ದಾಳೆ. ನನ್ನನ್ನು ಕೇಳಿಲ್ಲ. ಕಾಗದಕ್ಕೆ ತಾನೇ ಸಹಿ ಹಾಕಿದ್ದಾಳೆ.

ಕಾರ್ಲೀನ್ ರೇಗಾಡಿದಳು. "ಅಪ್ಪ ನಿನಗೋಸ್ಕರ ಅಷ್ಟು ದೊಡ್ಡ ಅಡುಗೆಮನೆ ಕಟ್ಟಿದಾರೆ! ಇದೇನಮ್ಮಾ ಇದು? ಇಷ್ಟು ಕಲ್ಲು ಮನಸ್ಸಾ ನಿಂದು?" ಲೆಂಪಿ ತುಟಿ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ. ನನ್ನ ಪಾಲಿನ ಬೈಗುಳ ಅವಳು ತಿಂದಳು, ನಾನು ಟೋಪಿ ಹಿಡಿದುಕೊಂಡು ನಿಂತಿದ್ದೆ.

ಮಗಳು ಹೋದ ಮೇಲೆ ಕೇಳಿದೆ. "ಯಾಕೆ ಲೆಂಪಿ?"

"ಅಲ್ಲಿ ಕರೆದ್ರೆ ಬರ್ತಾರಂತೆ."

ಕೋಪವಿರಲಿಲ್ಲ ದನಿಯಲ್ಲಿ. ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳುವ ಹಾಗೆ ಹೇಳಿದಳು.

ಜನವರಿ 9, ಭಾನುವಾರ

ಮೈನಸ್ ಮೂವತ್ತೊಂದು. ಡೆಕ್ಕಿನ ಮೇಲೆ ಮೊಣಕಾಲುದ್ದ ಹಿಮ. ಗುಡಿಸಲಿಲ್ಲ.

ಕಾರ್ಲೀನ್‌ಗೆ ಮೊನ್ನೆ ಫೋನ್ ಮಾಡಿ ಎಲ್ಲ ಹೇಳಿದೆ. ಬೆರಳು, ಕೀಲಿ, ಎಲ್ಲ. ಅವಳು ಫೋನ್ ಇಟ್ಟಳು. ಮತ್ತೆ ಮಾಡಿಲ್ಲ.

ಈಗ ದಿನಾ ಬೆಳಿಗ್ಗೆ ಹತ್ತಕ್ಕೆ ಆರೈಕೆ ಮನೆಗೆ ಹೋಗುತ್ತೇನೆ. ಬೂಟು ಬಿಚ್ಚಿ, ಕೋಟು ಬಿಚ್ಚಿ, ಮಂಚದ ಪಕ್ಕದ ಕುರ್ಚಿಯಲ್ಲಿ ಕೂರುತ್ತೇನೆ. ಸಂಜೆ ಐದಕ್ಕೆ ಏಳುವುದು. ಇಸ್ಪೀಟು ಆಡುತ್ತೇವೆ. ಅವಳೇ ಗೆಲ್ಲುವುದು. ಇಂದು ವೆಸ್ಲಿಯ ಹೆಂಡತಿಯ ವಿಷಯಕ್ಕೆ ಇಬ್ಬರೂ ನಕ್ಕೆವು. ಎಷ್ಟು ದಿನದ ಮೇಲೆ ನಗು... ಎಲ್ಲ ಸರಿಹೋಯಿತೆಂದೇ ಅನ್ನಿಸಿತು ಒಂದು ಕ್ಷಣ.

ಆಟದ ನಡುವೆ ಅವಳಿಗೆ ಕೆಮ್ಮು ಬಂತು. ನೀರು ಬೇಕಾಯಿತು. ಲೋಟ ನನ್ನ ಮೊಣಕೈ ಪಕ್ಕದಲ್ಲೇ ಇತ್ತು, ತುಂಬಿದ ಲೋಟ. ನಾನು ಅವಳನ್ನೇ ನೋಡುತ್ತಿದ್ದೆ. ಅವಳು ನನ್ನ ಕಡೆ ನೋಡಲಿಲ್ಲ. ದಿಂಬಿನ ಪಕ್ಕಕ್ಕೆ ಕೈ ಚಾಚಿ ಬೆಲ್ ಒತ್ತಿದಳು.

ಓಡಿ ಬಂದಳು ಒಬ್ಬಳು, ಚಿಕ್ಕ ವಯಸ್ಸಿನ ನರ್ಸ್. ನನ್ನನ್ನು ದಾಟಿ ಬಗ್ಗಿ ಲೋಟ ಎತ್ತಿ ಕುಡಿಸಿದಳು.

"ನಾನಿಲ್ಲೇ ಇದ್ನಲ್ಲ ಲೆಂಪಿ" ಎಂದೆ, ನರ್ಸ್ ಹೋದ ಮೇಲೆ.

"ಗೊತ್ತು" ಎಂದಳು. ಬೇಕೆಂದು ಮಾಡಿದ್ದಲ್ಲ, ಮುಖ ನೋಡಿದರೆ ತಿಳಿಯುತ್ತಿತ್ತು. ನಾನು ಪಕ್ಕದಲ್ಲಿರುವುದು ಅವಳ ಕೈಗೆ ನೆನಪಾಗಲೇ ಇಲ್ಲ, ಅಷ್ಟೆ. "ನಿನ್ನ ಎಲೆ ಹಾಕು ರೈನೋ" ಎಂದಳು.

ಹಾಕಿದೆ. ಯಾವ ಎಲೆಯೋ. ಆಮೇಲೆ ಅವಳು ತನ್ನದು ಹಾಕಿ, ಆಟ ಗೆದ್ದಳು.